ಬೈದು ಕೊಳ್ಳುವ ಮನೆಯವರು ಕಾರು ಕೊಂಡದ್ದು

ನನಗೊಂದು ಕೆಟ್ಟ ಅಭ್ಯಾಸವಿದೆ. ಕೈಗೆ ಏನು ಸಿಕ್ಕಿದರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ತೆಂಗಿನಕಾಯಿಯನ್ನು ಎಲ್ಲರೂ ಅಲ್ಲಾಡಿಸುತ್ತಾರೆ, ಅದಕ್ಕೆ ಯಾರೂ ನಗುವುದಿಲ್ಲ. ನಾನು ಬೆಂಕಿಪೊಟ್ಟಣ, ಔಷಧಿ ಶೀಸೆ, ಗೃಹಪ್ರವೇಶದಲ್ಲಿ ಯಾರೋ ಕೊಟ್ಟ ಉಡುಗೊರೆ ಡಬ್ಬ, ಕೊನೆಗೆ ಅಂಗಡಿಯಲ್ಲಿ ತೋರಿಸಿದ ಹೊಸ ಮೊಬೈಲನ್ನೂ ಅಲ್ಲಾಡಿಸಿ ನೋಡಿದ್ದೇನೆ. ಅಂಗಡಿಯವನು, "ಮೇಡಂ, ಅಲ್ಲಾಡೋ ಅಂಥದ್ದು ಒಳಗೇನೂ ಇರಲ್ಲ" ಅಂದ. "ಒಳಗೇನೂ ಇಲ್ಲದ್ದಕ್ಕೆ ಇಷ್ಟು ದುಡ್ಡು ಯಾಕಪ್ಪ?" ಅಂದೆ. ಅವನು ಗಾಜಿನ ಮೇಜು ಒರೆಸತೊಡಗಿದ.

ಇದರಲ್ಲಿ ನನ್ನ ತಪ್ಪೇನೂ ಇಲ್ಲ. ನಾನು ಹುಟ್ಟಿದ್ದು ರಾಮನಗರದಲ್ಲಿ, ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ. ಹಳ್ಳಿಯ ರೈತರು ಹುಳು ಸಾಕಿ ಗೂಡನ್ನು ಮಾರುಕಟ್ಟೆಗೆ ತರುತ್ತಾರೆ. ನಾವು ರೀಲರುಗಳು ಅದನ್ನು ಹರಾಜಿನಲ್ಲಿ ಕೊಂಡು, ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತೇವೆ. ಗೂಡನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರೆ ಒಳಗಿನ ಹುಳು ಕಟಕಟ ಅನ್ನಬೇಕು. ಸದ್ದೇ ಬರದಿದ್ದರೆ ಹುಳು ಒಳಗೇ ಸತ್ತು, ಕರಗಿ, ಗೂಡಿಗೆ ಅಂಟಿಕೊಂಡಿದೆ ಎಂದೇ ಲೆಕ್ಕ. ಅಂಥ ಗೂಡು ಕುಕ್ಕೆಯಲ್ಲಿ ಎಷ್ಟು ಬೆಳ್ಳಗೆ ಕಂಡರೂ ನೂಲು ಬಿಚ್ಚಿಕೊಳ್ಳುವುದಿಲ್ಲ. ಉಳಿದ ಮಕ್ಕಳು ಗಿಲಕಿ ಅಲ್ಲಾಡಿಸಿ ಬೆಳೆದರೆ ನಾನು ಗೂಡು ಅಲ್ಲಾಡಿಸಿ ಬೆಳೆದೆ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಅವರ ರೀಲರ್ ಲೈಸೆನ್ಸನ್ನು ಅವ್ವ ತನ್ನ ಹೆಸರಿಗೆ ಮಾಡಿಸಿಕೊಂಡು, ತಾನೇ ಮಾರುಕಟ್ಟೆಗೆ ಹೋಗಿ, ಗಂಡಸರ ಮಧ್ಯೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು ಹರಾಜು ಕೂಗಿದಳು. ಈಗ ಹರಾಜು ಮೊಬೈಲಿನೊಳಗೆ ಸದ್ದಿಲ್ಲದೆ ನಡೆಯುತ್ತದೆ. ಆಗ ಗಂಟಲೇ ಬಂಡವಾಳ. ಅವ್ವನ ಗಂಟಲು ಈಗಲೂ ಹಾಗೇ ಇದೆ. ನಾವು ಮನೆಯಲ್ಲಿ ಮಾತಾಡಿಕೊಳ್ಳುವುದು ಬೀದಿಯ ಕೊನೆಯವರೆಗೂ ಕೇಳಿಸುತ್ತದೆ. ಕೇಳಿಸಲಿ ಬಿಡಿ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಐವತ್ತೆರಡನೇ ವಯಸ್ಸಿನಲ್ಲಿ ನಾನೊಂದು ಹಳೆಯ ಕಾರು ಕೊಳ್ಳುತ್ತೇನೆ ಅಂದಾಗ ಅಕ್ಕನ ಗಂಡ, ನನ್ನ ಬಾವ, ಮೊದಲು ಕೇಳಿದ ಪ್ರಶ್ನೆಯೇ, "ಕಾರ್ನ ಹೆಂಗಮ್ಮ ಕಿವೀಗಿಟ್ಕಂಡು ಅಲ್ಲಾಡಿಸ್ತೀಯ ರತ್ನ?" ಎಂಬುದಾಗಿತ್ತು. ಮನೆಯವರೆಲ್ಲ ನಕ್ಕರು. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು.

ಕಾರು ನನಗೆ ಶೋಕಿಗೆ ಬೇಕಾಗಿರಲಿಲ್ಲ. ನಾನು ಸರ್ಕಾರಿ ಶಾಲೆಯ ಟೀಚರು. ವರ್ಗಾವಣೆಯಲ್ಲಿ ಕನಕಪುರದಾಚೆ, ಉಯ್ಯಂಬಳ್ಳಿ ಕಡೆಯ ಒಂದು ಶಾಲೆ ಸಿಕ್ಕಿತು. ರಾಮನಗರದಿಂದ ಕನಕಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಅದು ಇಳಿಸಿದಲ್ಲಿಂದ ಹಾಲಿನ ವ್ಯಾನೋ ಟ್ರ್ಯಾಕ್ಟರೋ ಏನು ಸಿಕ್ಕಿದರೆ ಅದು. ಒಂದು ದಿನ ಕುರಿಗಳ ಜೊತೆ ಟೆಂಪೋದಲ್ಲಿ ಹೋಗಿ, ಇಡೀ ದಿನ ಕುರಿ ವಾಸನೆಯಲ್ಲೇ ವ್ಯಾಕರಣ ಹೇಳಿಕೊಟ್ಟೆ. ಆ ಸಂಜೆಯೇ ಡ್ರೈವಿಂಗ್ ಸ್ಕೂಲಿಗೆ ಹೆಸರು ಕೊಟ್ಟೆ. ನನ್ನ ಮಗಳ ವಯಸ್ಸಿನ ಹುಡುಗಿಯರ ಜೊತೆ ಎಂಟು ಹಾಕಿದೆ. ಮೊದಲ ಸಲ ಎಂಟು ಹಾಕಲು ಹೋಗಿ ಆರು ಹಾಕಿ, ಕಂಬದ ಹತ್ತಿರ ನಿಂತೆ. ಎರಡನೇ ಸಲ ಪಾಸಾದೆ. ಇನ್ನು ನಮ್ಮ ಯಜಮಾನರೋ, ಬಸ್ಸಿನ ಹೊಗೆ ಕಂಡರೇ ವಾಂತಿ ಮಾಡಿಕೊಳ್ಳುವ ಪೈಕಿ. "ನೀನು ತಗೋ, ನೀನು ಓಡಿಸು, ನನ್ನನ್ನ ಮಾತ್ರ ಹತ್ತಿಸಬೇಡ" ಎಂದು ಕೈ ಮುಗಿದುಬಿಟ್ಟರು.

ಆದರೆ ನಮ್ಮ ಬಂಧುಬಳಗದಲ್ಲಿ ಯಾರೇ ಗಾಡಿ ಕೊಂಡರೂ ಅದನ್ನು ಬಾವ ನೋಡಬೇಕು. ಅದು ಶಾಸನ. ಬಾವ ಗಾಡಿ ನೋಡುವ ರೀತಿ ಹೇಗೆಂದರೆ, ಮೊದಲು ಹೋಗಿ ಮುಂದಿನ ಟೈರಿಗೆ ಒಂದು ಒದೆ ಕೊಡುತ್ತಾರೆ. ಆಮೇಲೆ ಬಾಗಿಲನ್ನು ಧಡ್ಡೆಂದು ಹಾಕಿ, "ಬಾಡಿ ಗಟ್ಟಿ ಐತೆ" ಎನ್ನುತ್ತಾರೆ. ಅಷ್ಟಕ್ಕೆ ಪರೀಕ್ಷೆ ಮುಗಿಯಿತು. ನನಗೆ ತಿಳಿದಂತೆ ಬಾವನ ಕಾಲಿಗೆ ಇದುವರೆಗೆ ಯಾವ ಗಾಡಿಯೂ ನಪಾಸಾಗಿಲ್ಲ. ಒಮ್ಮೆ ಅಕ್ಕನ ಮನೆಗೆ ಹೊಸ ಫ್ರಿಜ್ ಬಂದಾಗ ಅವರ ಕಾಲು ತಾನೇತಾನಾಗಿ ಮೇಲೆದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬಾವ ನನಗೂ ಒಂದು ಕಾರು ಗೊತ್ತುಮಾಡಿದರು. ಚನ್ನಪಟ್ಟಣದ ಹತ್ತಿರ, ಸರ್ವಿಸ್ ರಸ್ತೆಯ ಪಕ್ಕದಲ್ಲಿ, ಅವರ ಪರಿಚಯದವನೊಬ್ಬ ಹಳೆ ಕಾರುಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದ. "ನೀನೇನೂ ಬರೋದ್ ಬ್ಯಾಡ, ನಾ ನೋಡಿವ್ನಿ, ಮುತ್ತಿನಂಥ ಗಾಡಿ" ಅಂದರು. ನಾನು ಓಡಿಸುವ ಗಾಡಿಯನ್ನು ನಾನೇ ನೋಡದೆ ಕೊಳ್ಳುವುದೆಂದರೇನು? ಸೀರೆಯನ್ನಾದರೂ ಅಂಗಡಿಯವನು ಹತ್ತು ಮಡಿಕೆ ಬಿಚ್ಚಿ ತೋರಿಸುತ್ತಾನೆ. ನಾನು ಹೊರಟೆ. ಏನಾದರೂ ಕೊಳ್ಳುವ ಮಾತು ಬಂದರೆ ಅವ್ವ ಮನೆಯಲ್ಲಿ ಕೂರುವವಳಲ್ಲ. ಎಪ್ಪತ್ತಾರರ ಮಂಡಿನೋವನ್ನು ಬಗಲಿಗೆ ಹಾಕಿಕೊಂಡು ಅವಳೂ ಹೊರಟಳು.

ಕಾರೇನೋ ಹಾಲಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. ಸೀಟಿಗೆ ಹೊಸ ಕವರು, ಕನ್ನಡಿಗೆ ತೂಗುಹಾಕಿದ ಮಲ್ಲಿಗೆ ಪರಿಮಳದ ಡಬ್ಬಿ, ಕಾಲಡಿಗೆ ಹೊಸ ಮ್ಯಾಟು. ಮಾರುವವನು ನನ್ನನ್ನು ದಾಟಿ ಬಾವನ ಮುಖ ನೋಡಿಕೊಂಡೇ ಎಲ್ಲ ವಿವರಿಸಿದ. ನಾನು ಏನಾದರೂ ಕೇಳಿದರೆ ಉತ್ತರ ಬಾವನಿಗೆ ಕೊಡುತ್ತಿದ್ದ. "ಮೇಡಂ ಯಜಮಾನ್ರು ಬರ್ಲಿಲ್ವಾ?" ಎಂದು ಅದನ್ನೂ ಬಾವನನ್ನೇ ಕೇಳಿದ. ಬಾವ ಟೈರಿಗೆ ಒದ್ದರು. ಬಾಗಿಲು ಧಡ್ಡೆಂದಿತು. ಬಾಡಿ ಗಟ್ಟಿ ಇತ್ತು.

ಅವ್ವ ಬಾಗಿಲು ತೆಗೆದು, ಬಗ್ಗಿ, ಹೊಸ ಮ್ಯಾಟನ್ನು ಸರಿಸಿ, ಅದರಡಿಯ ಹಾಸಿನ ಅಂಚನ್ನು ಎತ್ತಿ, ಅದರೊಳಕ್ಕೆ ಮೊಣಕೈವರೆಗೂ ಕೈ ತೂರಿಸಿದಳು. ನನಗೆ ತಕ್ಷಣ ಗೊತ್ತಾಯಿತು. ಗೂಡಿನ ರಾಶಿ ಕೊಳ್ಳುವವರು ಯಾರೂ ಮೇಲಿನ ಗೂಡು ನೋಡುವುದಿಲ್ಲ. ಮೇಲೆ ಚಂದದ ಗೂಡು ಹರಡಿ, ಕಲೆಯದು, ತೆಳ್ಳಗಿನದು, ಸತ್ತದ್ದು ಎಲ್ಲ ತಳಕ್ಕೆ ಹಾಕುವವರು ಇರುತ್ತಾರೆ. ಹಾಗಾಗಿ ಕೈ ಸೀದಾ ತಳಕ್ಕೆ ಹೋಗಬೇಕು. ತಳದಿಂದ ಬಂದ ಕೈಯನ್ನು ಮೂಸಬೇಕು. ಅವ್ವ ಕೈ ಹೊರಗೆಳೆದು ಮೂಗಿಗೆ ಹಿಡಿದಳು.

"ನೀರು ಕುಡುದೈತೆ" ಅಂದಳು.

"ಯಾರು ನೀರು ಕುಡುದಿರೋದು?" ಅಂದರು ಬಾವ.

"ಗಾಡಿ. ಎಲ್ಲೋ ನೀರಲ್ಲಿ ಮುಳುಗಿ ಎದ್ದೈತೆ. ಕೆರೆ ಗೋಡಿನ ವಾಸ್ನೆ."

ಅವ್ವನ ಮೂಗಿನ ಬಗ್ಗೆ ಇಲ್ಲಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನಲವತ್ತು ವರ್ಷ ಬಿಸಿನೀರಿನಲ್ಲಿ ಕೈ ಅದ್ದಿ ಅವಳ ಬೆರಳಿನ ತುದಿಗಳಲ್ಲಿ ಗೆರೆಯೇ ಉಳಿದಿಲ್ಲ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿಸಿದರೆ ಯಂತ್ರ ಇವಳು ಯಾರೋ ಗೊತ್ತಿಲ್ಲ ಅನ್ನುತ್ತದೆ. ಬೆಂದ ಹುಳುವಿನ ವಾಸನೆ ಅವಳ ಸೀರೆಗೆ, ನಮ್ಮ ಮನೆಯ ಗೋಡೆಗೆ, ನನ್ನ ಜಡೆಗೆಲ್ಲ ಹತ್ತಿಕೊಂಡಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂತವಳು ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದಳು. ನಾನು ಬೆಳಿಗ್ಗೆ ತಲೆಗೆ ಎರಡೆರಡು ಸಲ ಸೀಗೆ ತಿಕ್ಕಿಕೊಳ್ಳುತ್ತಿದ್ದೆ. ಅವ್ವ ಶಾಲೆಗೆ ಬಂದರೆ ಗೇಟಿನ ಹತ್ತಿರವೇ ಮಾತಾಡಿ ಕಳಿಸಿಬಿಡುತ್ತಿದ್ದೆ. ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ನನ್ನ ಓದು, ನನ್ನ ಕೆಲಸ, ನನ್ನ ಮೈಮೇಲಿನ ಸೀರೆ ಎಲ್ಲ ಆ ವಾಸನೆಯಲ್ಲೇ ಹುಟ್ಟಿದ್ದು.

ಸರಿ, ನಾನು ಹಿಂದಿನ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದೆ. ಎಳೆಯುವವರೆಗೂ ಎಳೆದೆ. ಕೊನೆಯ ಗೇಣಿನಲ್ಲಿ ಒಂದು ಮಣ್ಣಿನ ಗೆರೆ ಇತ್ತು. ಸೀಟ್ ಕವರು ಬದಲಾಯಿಸಬಹುದು, ಮ್ಯಾಟು ಬದಲಾಯಿಸಬಹುದು, ಬೆಲ್ಟಿನ ಬುಡದವರೆಗೆ ಒರೆಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಅದರಡಿ ಒಣಗಿದ ಗೋಡುಮಣ್ಣು, ಒಂದು ಪುಟಾಣಿ ಶಂಖದ ಹುಳುವಿನ ಚಿಪ್ಪು. ಮಳೆ ಜೋರಾದ ವರ್ಷ ನಮ್ಮ ಕಡೆ ಕೆರೆ ಕೋಡಿ ಬಿದ್ದರೆ ರಸ್ತೆ ಮೇಲೆ ಕಾರುಗಳು ತೇಲಿದ್ದನ್ನು ಯಾರು ನೋಡಿಲ್ಲ? ಅವೆಲ್ಲ ಆಮೇಲೆ ಎಲ್ಲಿಗೆ ಹೋದವು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಮಾರುವವನು ಬಾವನ ಕಡೆ ತಿರುಗಿ, "ಏನ್ಸಾರ್, ಹೆಂಗಸ್ರನ್ನ ಕರ್ಕಂಡ್ ಬಂದು ಮರ್ಯಾದೆ ಕಳೀತೀರಲ್ಲ" ಅಂದ. ಬಾವನ ಮುಖ ಕೆಂಪಾಯಿತು. ಆ ಕೋಪವನ್ನು ಅವನ ಮೇಲೆ ತೋರಿಸಿದ್ದರೆ ನಾನು ಬಾವನ ಕಾಲಿಗೆ ನಮಸ್ಕಾರ ಮಾಡುತ್ತಿದ್ದೆ. ಆದರೆ ಅವರು ನನ್ನ ಮೇಲೆ ತಿರುಗಿದರು. "ನಾ ನೋಡಿದ್ ಗಾಡೀನ ತಳ್ಳಾಕ್ಬುಟ್ಟೆ ಅಲ್ವಾ? ಇನ್ ನಿನ್ ಗಾಡಿ ನೀನೇ ನೋಡ್ಕ. ಯಾವನಾದ್ರೂ ಟೋಪಿ ಹಾಕುದ್ರೆ ನನ್ತಾವ ಬರ್ಬ್ಯಾಡ."

"ಬರಲ್ಲ. ನಾನೇ ನೋಡ್ಕೊಂಡು, ನಾನೇ ತರ್ತೀನಿ" ಅಂದೆ. ಆ ಸಂಜೆಯೊಳಗೆ ಈ ಮಾತು ರಾಮನಗರ ದಾಟಿ ಮಾಗಡಿಯ ಚಿಕ್ಕಮ್ಮನವರೆಗೂ ಹೋಯಿತು. ಅವರು ಫೋನು ಮಾಡಿ, "ಗಂಡಸ್ರನ್ನ ಎದುರಾಕ್ಕೊಂಡು ಕಾರ್ ತಗಂಡೋರು ಉದ್ಧಾರ ಆದದ್ದು ನಾ ಕಾಣೆ" ಅಂದರು. ಚಿಕ್ಕಮ್ಮ ಕಾರು ಕೊಂಡವರನ್ನೇ ಹೆಚ್ಚು ಕಂಡಿರಲಿಲ್ಲ, ಅದು ಬೇರೆ ವಿಷಯ. ಈಗ ನಾನು ಒಂದು ಒಳ್ಳೆಯ ಗಾಡಿಯನ್ನು ನನ್ನ ಕಣ್ಣಿನಿಂದಲೇ ಆರಿಸಿ ತರಬೇಕಿತ್ತು. ಕೆಟ್ಟದ್ದು ಬಂದರೆ ಗಾಡಿಯ ಜೊತೆ ನನ್ನ ಹೆಸರೂ ಶಾಶ್ವತವಾಗಿ ಕೆಡುತ್ತಿತ್ತು. ನಮ್ಮ ಕುಲದ ಹುಡುಗಿಯರು ಇನ್ನು ಎಷ್ಟು ತಲೆಮಾರು ಸ್ಕೂಟಿ ಕೇಳಿದರೂ, "ಅವತ್ತು ರತ್ನ ಮಾಡ್ಕಂಡಿದ್ದು ಗೊತ್ತಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಹಾಗಾಗಿ ಎರಡು ತಿಂಗಳು ಭಾನುವಾರಗಳನ್ನೆಲ್ಲ ಕಾರು ನೋಡುವುದಕ್ಕೆ ಇಟ್ಟೆ. ಏನೇನು ಕಲಿತೆ ಎನ್ನುತ್ತೀರಿ! ಗಾಡಿ ನೋಡಲು ಬೆಳಿಗ್ಗೆ ಬೇಗ ಹೋಗಬೇಕು, ಹೋದ ಕೂಡಲೆ ಬಾನೆಟ್ ಮೇಲೆ ಅಂಗೈ ಇಡಬೇಕು. ಬೆಚ್ಚಗಿದ್ದರೆ ಮಾರುವವನು ನಾವು ಬರುವ ಮೊದಲೇ ಇಂಜಿನ್ ಚಾಲೂ ಮಾಡಿ ಅದರ ಕೆಮ್ಮು ಕಳೆದಿದ್ದಾನೆ. ತಣ್ಣಗಿರುವ ಗಾಡಿ ಮೊದಲ ಸಲಕ್ಕೇ ಎದ್ದರೆ ಅದು ಆರೋಗ್ಯ. ಹೊಗೆ ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಒಳಮೈ ನೋಡಬೇಕು. ಅಲ್ಲಿ ಮಜ್ಜಿಗೆ ಕಡೆದ ಹಾಗೆ ಬೆಳ್ಳಗಿದ್ದರೆ ಆಯಿಲಿಗೆ ನೀರು ಸೇರಿದೆ, ಚಪ್ಪಲಿ ಹಾಕಿಕೊಂಡು ಹೊರಟುಬಿಡಬೇಕು. ಬಿಸಿಲಿನಲ್ಲಿ ಕಾರಿನ ಒಂದು ತುದಿಗೆ ನಿಂತು ಪಕ್ಕದ ಮೈಯನ್ನು ಓರೆಯಾಗಿ ನೋಡಿದರೆ, ಗುದ್ದಿ ತಟ್ಟಿಸಿದ ಜಾಗ ಅಲೆ ಅಲೆಯಾಗಿ ಕಾಣುತ್ತದೆ. ನಾನು ಶಾಲೆಯ ವಿಜ್ಞಾನದ ಪೆಟ್ಟಿಗೆಯಿಂದ ಒಂದು ಅಯಸ್ಕಾಂತ ತಂದು, ಬಟ್ಟೆಯಲ್ಲಿ ಸುತ್ತಿ ಅದನ್ನೂ ಆಡಿಸುತ್ತಿದ್ದೆ. ತಗಡಿಗೆ ಅದು ಅಂಟುತ್ತದೆ, ಗುಳಿ ಮುಚ್ಚಲು ಪುಟ್ಟಿ ಮೆತ್ತಿದ ಕಡೆ ಜಾರಿ ಕೆಳಗೆ ಬೀಳುತ್ತದೆ.

ಇನ್ನು ಬಾವ ಕೇಳಿದ ಪ್ರಶ್ನೆಗೂ ಉತ್ತರ ಸಿಕ್ಕಿತು. ಕಾರನ್ನು ಅಲ್ಲಾಡಿಸಬಹುದು. ಬಾನೆಟ್ಟಿನ ಮೂಲೆಯ ಮೇಲೆ ಭಾರ ಹಾಕಿ ಒತ್ತಿ ಬಿಟ್ಟರೆ ಅದು ಒಂದು ಸಲ ಮೇಲೆದ್ದು ನಿಂತುಬಿಡಬೇಕು. ತೊಟ್ಟಿಲಿನ ಹಾಗೆ ತೂಗುತ್ತಲೇ ಇದ್ದರೆ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್ ಮುಗಿದಿದೆ. ನನಗೆ ಭಾರಕ್ಕೇನೂ ಕೊರತೆಯಿಲ್ಲ, ಹಾಗಾಗಿ ಈ ಪರೀಕ್ಷೆಯನ್ನು ಸಲೀಸಾಗಿ ಮಾಡುತ್ತಿದ್ದೆ.

ಮಾಗಡಿಯಲ್ಲಿ ಒಬ್ಬರು ತಮ್ಮ ಕಾರು ಬಹಳ ಕಡಿಮೆ ಓಡಿದೆ, ಬರೀ ದೇವಸ್ಥಾನಕ್ಕೆ ಹೋಗಿ ಬಂದಿದೆ ಅಂದರು. ಮೀಟರೂ ಹಾಗೇ ಹೇಳುತ್ತಿತ್ತು. ಕ್ಲಚ್ ಪೆಡಲಿನ ರಬ್ಬರ್ ನೋಡಿದರೆ ಗೆರೆಯೆಲ್ಲ ಸವೆದು ನಮ್ಮ ಅವ್ವನ ಹೆಬ್ಬೆಟ್ಟಿನಂತಾಗಿತ್ತು. "ದೇವಸ್ಥಾನ ಎಲ್ಲಿದೆ, ಕಾಶಿಯಲ್ಲಾ?" ಎಂದು ಕೇಳಿದೆ. ಅವರು ಮನೆಯೊಳಗೆ ಹೋದವರು ಮತ್ತೆ ಬರಲಿಲ್ಲ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಒಬ್ಬರ ಕಾರು ಎಲ್ಲದರಲ್ಲೂ ಪಾಸಾಯಿತು. ಆರ್‌ಸಿ ಪುಸ್ತಕ ನೋಡಿದರೆ ಸಾಲ ತೀರಿದ ಪತ್ರವಿಲ್ಲ, ಚಾಸಿ ನಂಬರಿಗೂ ಪುಸ್ತಕದ ನಂಬರಿಗೂ ಒಂದು ಅಂಕಿ ಹೆಚ್ಚುಕಮ್ಮಿ. "ಒಂದಂಕಿ ತಾನೇ ಮೇಡಂ?" ಅಂದರು. ಒಂದಂಕಿಗೆ ನಾನು ಎಷ್ಟೋ ಮಕ್ಕಳ ಲೆಕ್ಕಕ್ಕೆ ತಪ್ಪು ಹಾಕಿದ್ದೇನೆ ಎಂದು ಹೇಳಿ ಎದ್ದು ಬಂದೆ.

ಹೀಗಿರುವಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿ, ಕೂಟಗಲ್ಲಿನ ತನ್ನ ದೊಡ್ಡಪ್ಪ ಕಾರು ಮಾರುತ್ತಾರಂತೆ ಅಂದಳು. ದೊಡ್ಡಪ್ಪ ಎಂದರೆ ಮಾದೇಗೌಡರು. ಹಿಪ್ಪುನೇರಳೆ ತೋಟ ಇಟ್ಟುಕೊಂಡು ಹುಳು ಸಾಕುವ ರೈತರು. ಕಣ್ಣು ಮಂಜಾಗಿದೆ, ಇನ್ನು ಸ್ಟೇರಿಂಗ್ ಹಿಡಿಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಅದಕ್ಕೆ ಮಾರುವುದು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೂ ಅವ್ವನೂ ಹೋದೆವು.

ಗೌಡರು ಹುಳು ಮನೆಯ ಮುಂದಿನ ಚಪ್ಪರದ ಕೆಳಗೆ ಕಾರು ನಿಲ್ಲಿಸಿ, ಹಳೆ ಬೆಡ್‌ಶೀಟು ಹೊದಿಸಿದ್ದರು. ಎಲೆಹಸಿರು ಬಣ್ಣದ ಸಣ್ಣ ಕಾರು. ಬಾನೆಟ್ ಮೇಲೆ ಕೈಯಿಟ್ಟೆ, ತಣ್ಣಗಿತ್ತು. ಕೀಲಿ ತಿರುಗಿಸಿದ ಕೂಡಲೆ ಎದ್ದಿತು. ಹೊಗೆ ಇಲ್ಲ. ಮುಚ್ಚಳದ ಒಳಮೈ ಶುಭ್ರ. ಅಯಸ್ಕಾಂತ ಎಲ್ಲೂ ಜಾರಲಿಲ್ಲ. ಅವ್ವನ ಕೈ ತಳಕ್ಕೆ ಹೋಗಿ ಬಂತು, ಮೂಸಿದಳು, ಸುಮ್ಮನಾದಳು. ನಾಲ್ಕೂ ಟೈರು ಸಮವಾಗಿ ಸವೆದಿದ್ದವು. ಸರ್ವಿಸ್ ಮಾಡಿಸಿದ ಚೀಟಿಗಳನ್ನೆಲ್ಲ ಗೌಡರು ಒಂದು ಡಬ್ಬದಲ್ಲಿ ದಾರ ಕಟ್ಟಿ ಇಟ್ಟಿದ್ದರು. ಊರಾಚೆಯ ರಸ್ತೆಯಲ್ಲಿ ಓಡಿಸಿ ಬಂದೆ. ಸ್ಟೇರಿಂಗ್ ಬಿಟ್ಟರೂ ನೇರ ಹೋಯಿತು, ಬ್ರೇಕ್ ಒತ್ತಿದರೆ ಆ ಕಡೆ ಈ ಕಡೆ ಎಳೆಯಲಿಲ್ಲ. ಬೆಲೆಯೂ ನ್ಯಾಯವಾಗಿತ್ತು. ಇದೇ, ಇದೇ ನನ್ನ ಗಾಡಿ ಎಂದು ಒಳಗೊಳಗೆ ಕುಣಿಯುತ್ತಿದ್ದೆ.

ಕುಣಿದು ಏನು ಮಾಡಿದೆ ಗೊತ್ತೇ? ಕಾರಿನಿಂದ ಇಳಿದವಳೇ ಬೈಯಲು ಶುರು ಮಾಡಿದೆ.

"ಏನ್ ಗೌಡ್ರೇ, ಬಣ್ಣ ಎಲ್ಲ ಮಾಸಿಹೋಗಿದೆ. ಸೀಟು ಕುಸಿದಿದೆ. ಟೈರೆಲ್ಲ ಹಳೇದು."

ಅವ್ವ ಪಲ್ಲವಿ ಹಿಡಿದಳು. "ಒಳಗೆಲ್ಲ ಧೂಳು. ಇದೇನ್ ಬಣ್ಣವೋ, ಹುಳ ತಿಂದ್ ಬುಟ್ ಸೊಪ್ನಂಗೆ. ಯಾರ್ ತಕ್ಕತಾರೆ ಇದ್ನ?"

ನಮ್ಮ ಕಸುಬಿನ ಮನೆಗಳಲ್ಲಿ ಮಾಲು ಕೊಳ್ಳುವ ರೀತಿಯೇ ಇದು. ಮನಸ್ಸಿಗೆ ಬಂದ ರಾಶಿಯನ್ನು ಮೊದಲು ಚೆನ್ನಾಗಿ ಬೈಯಬೇಕು. "ಇದೇನಣ್ಣ, ಗೂಡೋ ಕಸವೋ?" ಅನ್ನಬೇಕು. ಮುಖ ಸಿಂಡರಿಸಬೇಕು. ನಾಲ್ಕು ಹೆಜ್ಜೆ ಆಚೆ ಹೋಗಬೇಕು. ಆಮೇಲೆ ಬಂದು ಕೊಳ್ಳಬೇಕು. ಚೆನ್ನಾಗಿದೆ ಎಂಬ ಮಾತು ನಮ್ಮ ಮನೆಯಲ್ಲಿ ಗೂಡಿಗಿರಲಿ, ಸಾರಿಗೂ ಸಿಕ್ಕಿದ್ದಿಲ್ಲ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಾಗ ಅವ್ವ ಅಂಕಪಟ್ಟಿ ತಿರುಗಿಸಿ ನೋಡಿ, "ಲೆಕ್ಕದಲ್ಲಿ ಇನ್ನಾಲ್ಕು ಎಲ್ಲೋದೋ?" ಎಂದಳು.

ಮಾದೇಗೌಡರು ನಮ್ಮ ಜುಗಲಬಂದಿಯನ್ನು ಪೂರ್ತಿ ಕೇಳಿದರು. ಆಮೇಲೆ ನಿಧಾನವಾಗಿ ಬೆಡ್‌ಶೀಟನ್ನು ಕೊಡವಿ ಕಾರಿನ ಮೇಲೆ ಎಳೆದು, ನಾಲ್ಕು ಮೂಲೆಯನ್ನೂ ಸಿಕ್ಕಿಸಿದರು.

"ಕೊಡಾಕಿಲ್ಲ" ಅಂದರು.

"ಅಲ್ಲ ಗೌಡ್ರೇ..."

"ನೀವು ರಾಮನಗರದಲ್ಲಿ ನೂಲ್ ತೆಗೆಯೋರಾ?"

"ಹೌದು. ಹೇಗೆ ಗೊತ್ತಾಯ್ತು?"

"ಗೂಡ್ಗೆ ಬೈದಂಗೇ ಬೈತಿದೀರಲ್ಲ." ಅವರ ದನಿ ಏರಲಿಲ್ಲ. "ನಲ್ವತ್ ವರ್ಸದಿಂದ ಕೇಳ್ತಾ ಇವ್ನಿ ತಾಯಿ. ನಾನೂ ನನ್ ಹೆಂಡ್ರೂ ನಿದ್ದೆಗೆಟ್ಟು ಸೊಪ್ಪಾಕಿ, ಹಸುಮಗೀನಂಗೆ ಸಾಕಿ ಮಾರ್ಕೆಟ್‌ಗೆ ತರ್ತೀವಿ. ನೀವ್ ಬಂದು ಕೈಯಾಕಿ, ಕಸ ಅಂತೀರಿ. ಕಸ ಅಂದೋರೇ ತಕ್ಕಂಡೋಗ್ತೀರಿ. ಅವತ್ತು ತಲೆ ಬಗ್ಗಿಸ್ಕಂಡು ನಿಂತ್ಕಬೇಕಿತ್ತು. ಗೂಡ್ನ ವಾಪಸ್ ತಕ್ಕಂಡೋಗಾಕಾಯ್ತದಾ? ನಾಕ್ ದಿನ ಬುಟ್ರೆ ತೂತ್ ಮಾಡ್ಕಂಡು ಚಿಟ್ಟೆ ಬಂದ್ಬುಡ್ತದೆ. ಈ ಗಾಡಿಯಿಂದ ಯಾವ್ ಚಿಟ್ಟೇನೂ ಬರಾಕಿಲ್ಲ. ಇಲ್ಲೇ ಇರ್ತದೆ. ನೀವ್ ಹೋಗ್ಬನ್ನಿ."

ನನಗೆ ಮೊದಲು ಬಂದದ್ದು ಸಿಟ್ಟು. ಮಾರುವವನು ಮಾರುವುದಿಲ್ಲ ಅಂದರೆ ಯಾರಿಗೆ ತಾನೇ ಬರುವುದಿಲ್ಲ? ಅವ್ವನಿಗೆ ಸಿಟ್ಟೂ ಬರಲಿಲ್ಲ. ಅವಳು ಇದನ್ನೂ ವ್ಯಾಪಾರದ ಒಂದು ಪಟ್ಟೆಂದೇ ತಿಳಿದಳು. ನನ್ನ ಸೆರಗು ಹಿಡಿದು ಗೇಟಿನ ಕಡೆ ಎಳೆದುಕೊಂಡು ಹೊರಟಳು. "ತಿರುಗಿ ನೋಡ್ಬ್ಯಾಡ ಕಣೇ. ಗೇಟ್ ತಾವ ಹೋಗೋವಷ್ಟ್ರಲ್ಲಿ ಕರೀತಾನೆ" ಎಂದು ಪಿಸುಗುಟ್ಟಿದಳು. ಅವ್ವನ ಪಿಸುಮಾತು ಹಿಪ್ಪುನೇರಳೆ ತೋಟದ ಆಚೆ ಬದಿಗೂ ಕೇಳಿಸಿರಬೇಕು.

ಗೇಟು ಬಂತು. ಗೌಡರು ಕರೆಯಲಿಲ್ಲ. ಗೇಟು ದಾಟಿದೆವು. ಕರೆಯಲಿಲ್ಲ.

ಅಲ್ಲಿ ನಿಂತಾಗ ನನಗೆ ನಾಚಿಕೆಯಾಯಿತು. ಚನ್ನಪಟ್ಟಣದಲ್ಲಿ ಕೊಳೆತ ಗಾಡಿಯನ್ನು ಚೆನ್ನಾಗಿದೆ ಎಂದವನ ಸುಳ್ಳನ್ನು ಬಯಲಿಗೆಳೆದವಳು, ಇಲ್ಲಿ ಚೆನ್ನಾಗಿರುವ ಗಾಡಿಯನ್ನು ಕೊಳೆತದ್ದು ಅಂದಿದ್ದೆ. ಎರಡಕ್ಕೂ ಏನು ವ್ಯತ್ಯಾಸ? ಗಾಡಿ ನೋಡುವುದು ಗೊತ್ತಿದೆ ಎಂದು ಎಲ್ಲರ ಮುಂದೆ ಎದೆ ತಟ್ಟಿಕೊಂಡಿದ್ದೆ. ನೋಡಿದ್ದನ್ನು ನೋಡಿದ ಹಾಗೆ ಹೇಳಲು ನನಗೆ ಬಾಯಿ ಬಂದಿರಲಿಲ್ಲ. ನಾನು ಅವ್ವನ ಕೈ ಬಿಡಿಸಿಕೊಂಡು ವಾಪಸು ಹೋದೆ. ಹಿಂದಿನಿಂದ ಅವ್ವ, "ಲೇ, ಹೋಗ್ಬ್ಯಾಡ ಕಣೇ, ಬೆಲೆ ಏರಿಸ್ಬುಡ್ತಾನೆ!" ಎಂದು ಕೂಗುತ್ತಲೇ ಇದ್ದಳು.

"ಗೌಡ್ರೇ, ಗಾಡಿ ಚೆನ್ನಾಗಿದೆ" ಅಂದೆ. ಬಾಯಿ ತೊದಲಿತು. ರೀಲರ್ ಮನೆಯ ಮಗಳ ಬಾಯಲ್ಲಿ ಆ ಮಾತು ಅಷ್ಟು ಸುಲಭವಾಗಿ ಹೊರಡುವುದಿಲ್ಲ. ಒಂದು ಸಲ ಹೊರಟ ಮೇಲೆ ಮಾತ್ರ ನಾನು ನಿಲ್ಲಿಸಲಿಲ್ಲ. "ಇಂಜಿನ್ ಚೆನ್ನಾಗಿದೆ. ಬಾಡಿಯಲ್ಲಿ ಒಂದು ಪೆಟ್ಟಿಲ್ಲ. ಟೈರು ಸಮವಾಗಿ ಸವೆದಿರೋದು ನೋಡಿದ್ರೆ ನೀವು ಎಷ್ಟು ನಿಧಾನವಾಗಿ ಓಡಿಸಿದ್ದೀರಿ ಅಂತ ಗೊತ್ತಾಗುತ್ತೆ. ಎರಡು ತಿಂಗಳಿಂದ ಹನ್ನೊಂದು ಕಾರು ನೋಡಿದ್ದೀನಿ, ಇಂಥದ್ದು ನೋಡ್ಲಿಲ್ಲ. ನೀವು ಹೇಳಿದ ಬೆಲೆ ಸರಿಯಾಗಿದೆ, ಅದರಲ್ಲಿ ಒಂದು ಪೈಸೆ ನಾನು ಕೇಳಲ್ಲ. ಮೊದಲು ಆಡಿದ ಮಾತು ಸುಳ್ಳು. ನನ್ನದು ತಪ್ಪಾಯ್ತು. ಕೊಡೋದು ಬಿಡೋದು ನಿಮಗೆ ಸೇರಿದ್ದು."

ಗೌಡರು ಮಂಜುಗಣ್ಣನ್ನು ಕಿರಿದು ಮಾಡಿ ನನ್ನನ್ನು ನೋಡಿದರು. ಆಮೇಲೆ ನನ್ನ ಹಿಂದೆ ಏದುಸಿರು ಬಿಡುತ್ತಾ ಬಂದ ಅವ್ವನನ್ನು ನೋಡಿದರು. "ನೀವ್ 'ತಪ್ಪಾಯ್ತು' ಅಂದ್ರಿ ಮೇಡಂ. ನೀವ್ ಮಾರ್ಕೆಟ್‌ನಲ್ಲಿದ್ದೋರಲ್ಲ. ಅಲ್ಲಿದ್ದೋರು ಆಯಮ್ಮ."

ಅವ್ವ ಕಾರಿಗೆ ಕೈ ಊರಿ ನಿಂತಳು. ಅವಳು ಸೋಲುವ ಜಾತಿಯಲ್ಲ. "ಬೈದೆ ಗೌಡ್ರೇ, ಇಲ್ಲ ಅನ್ನಾಕಿಲ್ಲ. ಗಂಡ ಸತ್ತೋಳು ನಾನು, ಎರಡು ಹೆಣ್ ಮಕ್ಳು. ಅಷ್ಟ್ ಗಂಡಸ್ರ ಮಧ್ಯೆ ನಿಂತ್ಕಂಡು, 'ಈ ಗೂಡು ಚೆನ್ನಾಗೈತೆ' ಅಂತ ಬಾಯ್ಬುಟ್ಟಿದ್ರೆ, ಪಕ್ಕದೋನು ನನ್ಗಿಂತ ನಾಕ್ ರೂಪಾಯಿ ಜಾಸ್ತಿ ಕೂಗಿ ಎತ್ಕಂಡೋಗ್ತಿದ್ದ. ಅವತ್ತು ನಮ್ಮನೆ ಒಲೆ ಹತ್ತುತಿರ್ಲಿಲ್ಲ. ನಾನು ಬೈದಿದ್ದೆಲ್ಲ ನಂಗ್ ಬೇಕಾಗಿದ್ದ ಮಾಲೇವೆ. ಬ್ಯಾಡದ್ನ ನಾನು ಯಾವತ್ತೂ ಬೈದಿಲ್ಲ. ಸುಮ್ಕೆ ಮುಂದಕ್ ಹೋಗ್ತಿದ್ದೆ."

"ಅದು ನಿಮ್ಗ್ ಗೊತ್ತಿತ್ತು" ಅಂದರು ಗೌಡರು. "ನಮ್ಗ್ ಯಾರ್ ಹೇಳುದ್ರು?"

ಗೌಡರು ಕೇಳಿದ ಪ್ರಶ್ನೆಯನ್ನೇ ನಾನು ಅಂಕಪಟ್ಟಿ ಹಿಡಿದುಕೊಂಡು ನಿಂತ ದಿನದಿಂದ ಕೇಳಬೇಕೆಂದಿದ್ದೆ, ಕೇಳಿರಲಿಲ್ಲ.

ಹುಳು ಮನೆಯೊಳಗಿಂದ ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಬರುತ್ತಿತ್ತು. ಅವ್ವ ಆ ಕಡೆ ಒಂದು ಸಲ ನೋಡಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು.

"ಈಗ್ ಹೇಳ್ತಾ ಇವ್ನಿ" ಅಂದಳು. ಹರಾಜು ಕೂಗುತ್ತಿದ್ದ ಅದೇ ಗಂಟಲಿನಲ್ಲಿ, ಪಕ್ಕದ ತೋಟದವರೂ ತಿರುಗಿ ನೋಡುವ ಹಾಗೆ ಹೇಳಿದಳು. "ನಿಮ್ ಕೂಟಗಲ್ ಕಡೆ ಗೂಡು ಯಾವತ್ತೂ ಚೆನ್ನಾಗೇ ಇದ್ವು ಗೌಡ್ರೇ. ನೂಲು ಎಲ್ಲೂ ಕಡೀತಿರ್ಲಿಲ್ಲ. ಗಾಡೀನೂ ಚೆನ್ನಾಗೈತೆ."

ಗೌಡರು ಬೆಡ್‌ಶೀಟು ತೆಗೆದು ಮಡಿಸಿದರು. ಹೆಗಲಿನ ಟವೆಲಿನಿಂದ ಮುಂದಿನ ಗಾಜನ್ನು ಒರೆಸಿದರು. ಒಳಗೆ ಕೂರಿಸಿ ಕಾಫಿ ಕೊಟ್ಟು, ಕಾಗದಪತ್ರಗಳ ಡಬ್ಬ ತಂದಿಟ್ಟರು. ಎರಡು ದಿನ ಬಿಟ್ಟು ಹೆಸರು ಬದಲಾವಣೆಯ ಅರ್ಜಿಗೆ ಸಹಿ ಎಲ್ಲ ಆದಮೇಲೆ, ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, "ಮೂರ್ನೇ ಗೇರು ಒಸಿ ಬಿಗಿ, ಬೇಜಾರ್ ಮಾಡ್ಕಬ್ಯಾಡಿ" ಅಂದರು. ಎರಡು ತಿಂಗಳಲ್ಲಿ ತಮ್ಮ ಗಾಡಿಯ ಐಬನ್ನು ತಾವೇ ಬಾಯಿಬಿಟ್ಟು ಹೇಳಿದ ಮೊದಲ ಮನುಷ್ಯ ಅವರು.

ಅವ್ವ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಂಡಳು. ನಾನು ಕೀಲಿ ಹಾಕಿದೆ, ತಿರುಗಿಸಲಿಲ್ಲ. ಗೌಡರು ಗೇಟು ತೆರೆದು ಹಿಡಿದು ಕಾಯುತ್ತಿದ್ದರು.

"ಏನೇ, ತೆಗಿ ಗಾಡಿ" ಅಂದಳು ಅವ್ವ.

"ತೆಗೆಯಲ್ಲ. ನೀನು ಮೊನ್ನೆ ಗೌಡರ ಗೂಡಿಗೆ ಚೆನ್ನಾಗಿದೆ ಅಂದೆ, ಗಾಡಿಗೂ ಅಂದೆ. ಇನ್ನು ನಾನು?"

"ಹುಚ್ ಗಿಚ್ ಹಿಡುದೈತಾ? ಆವಯ್ಯ ಗೇಟ್ ಹಿಡ್ಕಂಡ್ ನಿಂತವ್ನೆ."

"ನಿಲ್ಲಲಿ. ಐವತ್ತೆರಡು ವರ್ಷ ನಾನು ನಿಂತಿದ್ದೀನಿ."

ಅವ್ವ ಎದುರಿನ ಗಾಜನ್ನೇ ನೋಡುತ್ತಾ ಕೂತಳು. ಗೆರೆಯಿಲ್ಲದ ಬೆರಳುಗಳಿಂದ ಬೆಲ್ಟಿನ ಅಂಚನ್ನು ಹಿಂದೆ ಮುಂದೆ ತೀಡಿದಳು. ನಾನೂ ಹಟ ಬಿಡಲಿಲ್ಲ. ಗೌಡರು ಅಲ್ಲಿಂದಲೇ, "ಸ್ಟಾರ್ಟ್ ಆಗ್ಲಿಲ್ವಾ ಮೇಡಂ?" ಎಂದು ಕೂಗಿದರು.

"ನೀನೂವೆ ಕಣೇ" ಅಂದಳು ಅವ್ವ.

ನಾನು ಕೀಲಿ ತಿರುಗಿಸಿದೆ.